ಭಾರೀ ಹಳೇ ಬೈಕನ್ನ ಡಬಲ್ ಸ್ಟ್ಯಾಂಡ್ ಮೇಲೆ ಒಬ್ಬರೇ ಹಾಕೋದು ಹೇಗೆ? (ಸಿಬಿ750, ನನ್ನ ತೂಕ 56 ಕೇಜಿ)

ಕೆ6_ಸವಾರಿ:

ಎಲ್ರಿಗೂ ನಮಸ್ಕಾರ. ನನ್ನ ಹತ್ರ 1976ರ ಹೋಂಡಾ ಸಿಬಿ750 ಫೋರ್ ಇದೆ, ಕೆ6 ಮಾಡೆಲ್. ಓಡ್ಸೋಕೆ ಏನೂ ತೊಂದ್ರೆ ಇಲ್ಲ, ಹೊರಟ ಮೇಲೆ ತೂಕಾನೇ ಗೊತ್ತಾಗಲ್ಲ, ಆದ್ರೆ ನಿಲ್ಸಿ ಡಬಲ್ ಸ್ಟ್ಯಾಂಡ್ ಹಾಕೋಕೆ ಹೋದ್ರೆ ಗಾಡಿ ಜಗ್ಗಲ್ಲ. ಸ್ಟ್ಯಾಂಡ್ ಲಿವರ್ ತುಳಿದು ಹಿಂದಕ್ಕೆ ಎಳೆದ್ರೆ ಹಿಂಭಾಗ ಒಂಚೂರು ಏಳುತ್ತೆ, ಅಲ್ಲೇ ನಿಂತುಬಿಡುತ್ತೆ, ಆಮೇಲೆ ವಾಪಸ್ ಮುಂದಕ್ಕೆ ಬರುತ್ತೆ. ಮಾರನೇ ದಿನ ಸೊಂಟ ಹಿಡ್ಕೊಂಡಿರುತ್ತೆ.

ಡಬಲ್ ಸ್ಟ್ಯಾಂಡ್ ನಂಗೆ ಬೇಕೇ ಬೇಕು. ಚೈನಿಗೆ ಎಣ್ಣೆ ಹಾಕ್ಬೇಕು, ಚೈನ್ ಸಡಿಲ ನೋಡ್ಬೇಕು, ಈ ಗಾಡೀಲಿ ಎಂಜಿನ್ ಆಯಿಲ್ ಬೇರೆ ಟ್ಯಾಂಕ್‌ನಲ್ಲಿರೋದ್ರಿಂದ ಲೆವೆಲ್ ನೋಡೋಕೂ ಗಾಡಿ ನೆಟ್ಟಗೆ ನಿಂತಿರ್ಬೇಕು. ಪ್ರತಿ ಸಲ ಯಾರನ್ನೋ ಕರ್ಕೊಂಡು ಬಂದು ಎತ್ಸೋದು ಅಂದ್ರೆ ಆಗೋ ಮಾತಲ್ಲ.

ನನ್ನ ಎತ್ತರ 5 ಅಡಿ 3 ಇಂಚು, ತೂಕ 56 ಕೇಜಿ. ಪೆಟ್ರೋಲ್ ತುಂಬಿದ್ರೆ ಗಾಡಿ 230 ಕೇಜಿ ದಾಟುತ್ತೆ. ನನ್ನ ತೂಕದವರು ಇದನ್ನ ಒಬ್ಬರೇ ಮಾಡೋಕೆ ನಿಜವಾಗ್ಲೂ ಆಗುತ್ತಾ, ಇಲ್ಲಾ ಬೇರೆ ಏನಾದ್ರೂ ಜ್ಯಾಕ್ ಗೀಕ್ ತಗೊಳ್ಳೋದೇ ಸರೀನಾ? ಮಾಡಿ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಗ್ರೀಸ್‌ಕೈ:

ಆಗುತ್ತೆ ಮೇಡಂ. ಮೊದ್ಲು ಒಂದು ವಿಷ್ಯ, ಈ ಕೆಲ್ಸದಲ್ಲಿ ಗಾಡೀನ ಎತ್ತೋದು ಕೈ ಅಲ್ಲ, ಕಾಲಿನ ಮೇಲೆ ಬೀಳೋ ಮೈಭಾರ. ನೀವು ಬರೆದಿರೋದ್ರಲ್ಲಿ "ಹಿಂದಕ್ಕೆ ಎಳೆದ್ರೆ" ಅಂತಿದೆ, ಸೊಂಟ ಹಿಡ್ಕೊಳ್ತಿರೋದು ಅದಕ್ಕೇನೆ.

ನಾನು ಮಾಡೋ ಕ್ರಮ ಹೇಳ್ತೀನಿ. ಜಾಗ ಸಮತಟ್ಟಾಗಿರಲಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಯಾಕಂದ್ರೆ ಸ್ಟ್ಯಾಂಡ್ ಹತ್ತುವಾಗ ಗಾಡಿ ಹಿಂದಕ್ಕೂ ಹೋಗುತ್ತೆ ಮೇಲಕ್ಕೂ ಹೋಗುತ್ತೆ, ಚಕ್ರ ಉರುಳ್ಬೇಕು. ಹ್ಯಾಂಡಲ್ ನೆಟ್ಟಗಿರಲಿ. ಸೈಡ್ ಸ್ಟ್ಯಾಂಡ್ ಮಡಚ್ಬೇಡಿ, ಇಳಿಸೇ ಇಟ್ಟಿರಿ, ಗಾಡಿ ನಿಮ್ಮ ಕಡೆಗೆ ಜಾರಿದ್ರೂ ಅದು ಹಿಡ್ಕೊಳ್ಳುತ್ತೆ (ಎರಡೂ ಸ್ಟ್ಯಾಂಡ್ ಒಂದಕ್ಕೊಂದು ತಾಗಲ್ಲ ಅನ್ನೋದನ್ನ ಮೊದ್ಲೇ ನೋಡ್ಕೊಳ್ಳಿ). ಎಡಗಡೆ ನಿಂತು ಎಡಗೈಲಿ ಎಡ ಹ್ಯಾಂಡಲ್, ಬಲಗೈಲಿ ಹಿಂದಿನ ಸೀಟಿನ ಕೆಳಗಿರೋ ಚಾಸಿ ಪೈಪು. ಪೈಪನ್ನ ಎಷ್ಟು ಕೆಳಗೆ ಹಿಡಿಯೋಕಾಗುತ್ತೋ ಅಷ್ಟು ಕೆಳಗೆ ಹಿಡೀರಿ, ತೋಳು ನೇರವಾಗಿರ್ಬೇಕು. ಇಂಡಿಕೇಟರ್ ಕಡ್ಡಿ, ಮಡ್‌ಗಾರ್ಡ್ ತುದಿ, ಸೀಟಿನ ಬೆಲ್ಟು ಇವನ್ನೆಲ್ಲಾ ಹಿಡೀಬೇಡಿ. ಸೈಲೆನ್ಸರ್ ಅಂತೂ ಬಿಸಿ ಇರುತ್ತೆ.

ಈಗ ಬಲಗಾಲಲ್ಲಿ ಲಿವರನ್ನ ಮೆತ್ತಗೆ ಒತ್ತಿ ಸ್ಟ್ಯಾಂಡ್ ಪಾದ ನೆಲಕ್ಕೆ ತಾಗೋವರೆಗೆ ಇಳ್ಸಿ. ಗಾಡಿ ಇನ್ನೂ ನಿಮ್ಮ ಕಡೆ ಸ್ವಲ್ಪ ವಾಲಿರುತ್ತಲ್ಲ, ನಿಧಾನಕ್ಕೆ ನೆಟ್ಟಗೆ ತನ್ನಿ. ಸ್ಟ್ಯಾಂಡಿಗೆ ಎರಡು ಪಾದ ಇದೆ, ಎರಡೂ ಒಟ್ಟಿಗೆ ನೆಲಕ್ಕೆ ಕೂತಿರ್ಬೇಕು. ಗಾಡೀನ ಕೂದಲೆಳೆಯಷ್ಟು ಆಚೆ ಈಚೆ ಆಡ್ಸಿದ್ರೆ ಒಂದು ಪಾದ ಮಾತ್ರ ತಾಗಿರೋದು, ಎರಡೂ ತಾಗಿರೋದು ಕಾಲಿಗೇ ಗೊತ್ತಾಗುತ್ತೆ. ಬಹಳ ಜನ ಎಡವೋದು ಇಲ್ಲೇ, ಒಂದೇ ಪಾದದ ಮೇಲೆ ಎತ್ತೋಕೆ ಹೋದ್ರೆ ಗಾಡಿ ಸುತ್ತಿಕೊಂಡು ತಿರುಗುತ್ತೆ ಹೊರತು ಮೇಲೆ ಹೋಗಲ್ಲ. ಹಾಗಂತ ನೆಟ್ಟಗಿರೋದನ್ನ ದಾಟಿ ಆ ಕಡೆ ವಾಲೋಕೆ ಬಿಡ್ಲೇಬೇಡಿ, ಬಲಕ್ಕೆ ಹೋದ ಗಾಡೀನ ಎಡಗಡೆಯಿಂದ ಯಾರೂ ತಡೆಯೋಕಾಗಲ್ಲ.

ಎರಡೂ ಪಾದ ಕೂತ ಮೇಲೆ ಅಂಗಾಲಿನ ನಡುಭಾಗ ಲಿವರ್ ಮೇಲೆ ಬರೋ ಹಾಗೆ ಇಟ್ಟು, ಸೊಂಟ ಪಾದದ ನೇರಕ್ಕೆ ತಂದು, ಮೆಟ್ಟಿಲು ಹತ್ತೋ ಹಾಗೆ ಅದರ ಮೇಲೆ ಎದ್ದು ನಿಂತ್ಕೊಳ್ಳಿ. ಎಡಗಾಲು ನೆಲ ಬಿಡ್ಬೇಕು, ಪೂರ್ತಿ ಮೈ ಲಿವರ್ ಮೇಲಿರ್ಬೇಕು. ಬಲಗೈ ಅದೇ ಹೊತ್ತಿಗೆ ಹಿಂದಕ್ಕೆ ಮೇಲಕ್ಕೆ ದಾರಿ ತೋರಿಸಿದ್ರೆ ಸಾಕು. ಬೆನ್ನು ನೇರ, ನೋಟ ಮುಂದಕ್ಕೆ. ಬಗ್ಗಿ ಪಾದ ನೋಡ್ತಾ ಮಾಡಿದ್ರೆ ಭಾರ ಕಾಲಿನ ಮೇಲೆ ಬೀಳಲ್ಲ.

ದೂರದಾರಿ:

ಅಷ್ಟೆಲ್ಲಾ ಶಾಸ್ತ್ರ ಬೇಕಾ, ಗಟ್ಟಿಯಾಗಿ ಒಂದು ಸಲ ಎಳೆದ್ರೆ ಬಂದೇ ಬರುತ್ತೆ. ನಾನು ಯಾವತ್ತೂ ಹಾಗೇ ಹಾಕೋದು. ತೋಳಿಗೆ ಸ್ವಲ್ಪ ಕಸರತ್ತು ಮಾಡಿ ಮೇಡಂ, ಹಳೇ ಗಾಡಿ ಇಟ್ಕೊಂಡ ಮೇಲೆ ಶಕ್ತಿ ಬೇಕೇ ಬೇಕು.

ಲಿವರ್_ಲೆಕ್ಕ:

ದೂರದಾರಿ ಅಣ್ಣ, ನಿಮ್ಮ ತೂಕ ಜಾಸ್ತಿ ಇದ್ರೆ ಎಳೀತಾ ಇದ್ದೀನಿ ಅನ್ಕೊಂಡ್ರೂ ಕೆಲ್ಸ ಮಾಡ್ತಿರೋದು ನಿಮ್ಮ ಕಾಲೇ ಇರ್ಬೇಕು. 56 ಕೇಜಿಯವರಿಗೆ ಎಳೀರಿ ಅಂತ ಹೇಳೋದು ಸರಿಯಲ್ಲ, ಬೆನ್ನಿನ ಡಿಸ್ಕ್ ಹೋದ್ರೆ ಗಾಡಿ ಓಡ್ಸೋದೇ ನಿಂತುಹೋಗುತ್ತೆ.

ಲೆಕ್ಕ ಹಾಕಿ ನೋಡಿ. ಸ್ಟ್ಯಾಂಡ್ ಹತ್ತುವಾಗ 230 ಕೇಜಿ ಗಾಡಿಯ ಭಾರಕೇಂದ್ರ ಸುಮಾರು 3 ಸೆಂ.ಮೀ. ಮೇಲೇರುತ್ತೆ ಅಂತ ಇಟ್ಕೊಳ್ಳೋಣ. 230 ಗುಣಿಸು 3 ಅಂದ್ರೆ 690. ಈಗ 56 ಕೇಜಿಯ ಮನುಷ್ಯರು ಲಿವರ್ ಮೇಲೆ ನಿಂತು 12.5 ಸೆಂ.ಮೀ. ಕೆಳಗಿಳಿದ್ರೆ 56 ಗುಣಿಸು 12.5, ಅಂದ್ರೆ 700. ಲೆಕ್ಕ ಅಲ್ಲಿಗೇ ಚುಕ್ತಾ. ತಿರುಗಣೆಯ (ಸ್ಟ್ಯಾಂಡ್ ಗಾಡಿಗೆ ಸೇರಿ ತಿರುಗೋ ಜಾಗ) ಘರ್ಷಣೆಗೆ ಅಂತ ಬಲಗೈ ಇಂದ ಸ್ವಲ್ಪ ಸೇರಿಸ್ಬೇಕಾಗುತ್ತೆ, ಅದು ಯಾರಾದ್ರೂ ಕೊಡ್ಬಹುದಾದಷ್ಟೇ. ಅದೇ ಬರೀ ತೋಳಿನಿಂದ ಮಾಡೋಕೆ ಹೋದ್ರೆ ಗಾಡಿಯ ಅರ್ಧ ಭಾರದ ಹತ್ರ ಹತ್ರ ಕೈಲಿ ಹೊರೋ ಪ್ರಯತ್ನ ಆಗುತ್ತೆ.

ಇನ್ನೊಂದು, ಒಂಚೂರು ಎದ್ದು ನಿಂತುಬಿಡುತ್ತೆ ಅಂದ್ರಲ್ಲ, ಅದಕ್ಕೂ ಕಾರಣ ಇದೆ. ಸ್ಟ್ಯಾಂಡ್ ಪಾದ ನೆಲಕ್ಕೆ ತಾಗಿದ ಕ್ಷಣದಲ್ಲಿ ಗಾಡಿ ಭಾರ ಪೂರ್ತಿ ಚಕ್ರಗಳ ಮೇಲೇ ಇರುತ್ತೆ, ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್‌ಗಳು ಅದುಮಿಕೊಂಡಿರುತ್ತೆ. ನೀವು ಎತ್ತೋಕೆ ಶುರು ಮಾಡಿದಾಗ ಆ ಸ್ಪ್ರಿಂಗ್‌ಗಳು ಬಿಚ್ಕೊಳ್ತಾ ನಿಮ್ಮ ಜೊತೆ ಎತ್ತುತ್ತೆ, ಅದಕ್ಕೇ ಮೊದಲ ಒಂದೆರಡು ಸೆಂ.ಮೀ. ಸುಲಭ. ಆಮೇಲೆ ಸ್ಪ್ರಿಂಗ್ ಪೂರ್ತಿ ಬಿಚ್ಕೊಂಡು ಹಿಂಚಕ್ರ ನೆಲ ಬಿಡೋ ಹೊತ್ತಿಗೆ ಹಿಂಭಾಗದ ಭಾರ ಎಲ್ಲಾ ಸ್ಟ್ಯಾಂಡ್ ಮೇಲೆ, ಅಂದ್ರೆ ನಿಮ್ಮ ಕಾಲಿನ ಮೇಲೆ. ಕಷ್ಟದ ಜಾಗ ಇರೋದು ಅಲ್ಲಿ, ನಡುವೆ. ಅದನ್ನ ದಾಟಿ ಸ್ಟ್ಯಾಂಡ್ ನೆಟ್ಟಗಾಗ್ತಾ ಬಂದ್ರೆ ಮತ್ತೆ ಹಗುರ, ನೇರ ದಾಟಿದ ಮೇಲೆ ಗಾಡಿ ತಾನೇ ಹಿಂದಕ್ಕೆ ಕೂತ್ಕೊಳ್ಳುತ್ತೆ. ಹಾಗಾಗಿ ಸುಲಭವಾಗಿ ಏಳ್ತಾ ಇದೆ ಅಂತ ಶುರುವಿನಲ್ಲಿ ನಿಲ್ಸಬಾರ್ದು, ಒಂದೇ ಓಟದಲ್ಲಿ ನಡುವಿನ ಜಾಗ ದಾಟ್ಬೇಕು. ಲಿವರ್ ಮೇಲೆ ಜಿಗಿಯೋದೂ ಬೇಡ, ಜಿಗಿದ್ರೆ ಪಾದ ಜಾರಿ ಮೊಣಕಾಲಿನ ಕೆಳಗಿನ ಮೂಳೆಗೆ ಬೀಳುತ್ತೆ ಏಟು.

ಎರಡು_ಬಾಕ್ಸರ್:

ನಂದು ಬಿಎಂಡಬ್ಲ್ಯೂ ಆರ್75/5, 1969ರಿಂದ 1973ರವರೆಗೆ ಬಂದಿದ್ದು. ತೂಕ ನಿಮ್ಮ ಹೋಂಡಾಗಿಂತ ಕಮ್ಮಿ, ಪೆಟ್ರೋಲ್ ಸೇರಿ 210 ಕೇಜಿ ಸುಮಾರು, ಆದ್ರೆ ಸ್ಟ್ಯಾಂಡ್ ಹಾಕೋದು ಹೋಂಡಾಗಿಂತ ಕಷ್ಟ ಅಂತ ಎರಡನ್ನೂ ಇಟ್ಕೊಂಡಿರೋರು ಹೇಳ್ತಾರೆ, ನಂಗೂ ಹಾಗೇ ಅನ್ಸಿದೆ. ಅಂದ್ರೆ ಬರೀ ಗಾಡಿ ತೂಕ ನೋಡಿ ಹೆದರ್ಬೇಡಿ. ಸ್ಟ್ಯಾಂಡ್ ಎಷ್ಟು ಉದ್ದ, ಲಿವರ್ ಎಷ್ಟು ಉದ್ದ, ಗಾಡಿ ಎಷ್ಟು ತಗ್ಗಿ ಕೂತಿದೆ ಅನ್ನೋದ್ರಲ್ಲೇ ಎಲ್ಲಾ ಇರೋದು.

ನಾನು ಮಾಡೋದು ಹಲಗೆ ಉಪಾಯ. 2 ಸೆಂ.ಮೀ. ದಪ್ಪದ ಒಂದು ಗಟ್ಟಿ ಹಲಗೆ, ಅಗಲ ಟೈರಿಗಿಂತ ಎರಡರಷ್ಟು, ಉದ್ದ ಒಂದು ಮುಕ್ಕಾಲು ಅಡಿ. ಹಿಂಚಕ್ರದ ಹಿಂದೆ ಇಟ್ಟು ಗಾಡೀನ ಹಿಂದಕ್ಕೆ ತಳ್ಳಿ ಚಕ್ರ ಅದರ ಮೇಲೆ ಹತ್ತೋ ಹಾಗೆ ಮಾಡ್ತೀನಿ, ತುದಿಯನ್ನ ಇಳಿಜಾರಾಗಿ ಕೆತ್ತಿಸಿದ್ರೆ ಹತ್ಸೋದು ಸಲೀಸು. ಚಕ್ರ ಹಲಗೆಯ ಮುಂಭಾಗದಲ್ಲೇ ಇರಲಿ, ಯಾಕಂದ್ರೆ ಸ್ಟ್ಯಾಂಡ್ ಹತ್ತುವಾಗ ಗಾಡಿ ಇನ್ನೂ ಹಿಂದೆ ಹೋಗುತ್ತೆ, ಹಿಂದೆ ಜಾಗ ಇರ್ಬೇಕು. ಸ್ಟ್ಯಾಂಡಿನ ಪಾದ ಮಾತ್ರ ನೆಲದ ಮೇಲೇ ಇರ್ಬೇಕು, ಹಲಗೆ ಮೇಲೆ ಬಂದ್ರೆ ಏನೂ ಉಪಯೋಗ ಇಲ್ಲ. ಗಾಡಿ ಮೇಲೆ ಕೂತ ಮೇಲೆ ಹಲಗೆ ಎಳೆದು ತೆಗೆದ್ರಾಯ್ತು.

ಹಲಗೆ 2 ಸೆಂ.ಮೀ. ಇದ್ರೂ ಸ್ಟ್ಯಾಂಡಿನ ತಿರುಗಣೆ ಎರಡು ಚಕ್ರದ ನಡುವೆ ಇರೋದ್ರಿಂದ ಅಲ್ಲಿ ಸಿಗೋದು ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆದ್ರೆ ಒಟ್ಟು ಎತ್ತಬೇಕಾಗಿರೋದೇ ಮೂರು ನಾಲ್ಕು ಸೆಂ.ಮೀ. ಆದಾಗ ಆ ಒಂದು ಸೆಂ.ಮೀ. ಬಹಳ ದೊಡ್ಡದು.

ನಿಮಗೆ ಇನ್ನೊಂದು ಅನುಕೂಲ ಇದೆ, ನಿಮ್ಮ ಹೋಂಡಾದ ಸೈಡ್ ಸ್ಟ್ಯಾಂಡ್ ಇಳಿಸಿದ್ರೆ ಇಳಿಸಿದ ಹಾಗೇ ಇರುತ್ತೆ. ನನ್ನ ಗಾಡೀಲಿ ಭಾರ ತೆಗೆದ ಕೂಡ್ಲೇ ಸ್ಪ್ರಿಂಗ್ ಎಳ್ಕೊಂಡು ತಾನೇ ಮಡಚಿಕೊಳ್ಳುತ್ತೆ, ಹಾಗಾಗಿ ಗ್ರೀಸ್‌ಕೈ ಸರ್ ಹೇಳಿದ ಆ ಆಸರೆ ನಂಗೆ ಸಿಗಲ್ಲ. ಹಳೇ ಬಿಎಂಡಬ್ಲ್ಯೂ ಇಟ್ಟಿರೋ ಯಾರಾದ್ರೂ ಇದನ್ನ ಓದ್ತಿದ್ರೆ ಸೈಡ್ ಸ್ಟ್ಯಾಂಡ್ ನಂಬ್ಕೋಬೇಡಿ ಅಂತ ಹೇಳೋಕೆ ಬರೆದೆ.

ಕೆ6_ಸವಾರಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಗ್ರೀಸ್‌ಕೈ ಸರ್ ಹೇಳಿದ ಹಾಗೆ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಂತು ನೋಡ್ದೆ. ಮೊದ್ಲಿಗಿಂತ ಜಾಸ್ತಿ ಏಳ್ತಾ ಇದೆ, ಸೊಂಟಕ್ಕೂ ನೋವಿಲ್ಲ, ಆದ್ರೆ ಲಿವರ್_ಲೆಕ್ಕ ಅವರು ಹೇಳಿದ ಆ ನಡುವಿನ ಜಾಗ ಇದೆಯಲ್ಲ, ಕರೆಕ್ಟಾಗಿ ಅಲ್ಲೇ ನಿಲ್ತಿದೆ. ನಾನು ಎರಡೂ ಕಾಲು ಎತ್ತಿ ಲಿವರ್ ಮೇಲೆ ನಿಂತಿದ್ದೀನಿ, ಗಾಡಿ ಹಾಗೇ ತೂಗ್ತಾ ಇದೆ, ಮೇಲೂ ಹೋಗಲ್ಲ ಕೆಳಗೂ ಬರಲ್ಲ. ನನ್ನ ತೂಕ ಸಾಲ್ತಿಲ್ಲ ಅಂತಾನೇ ಅರ್ಥ ಅಲ್ವಾ? ಹಲಗೆ ಇನ್ನೂ ಹುಡುಕ್ತಾ ಇದ್ದೀನಿ.

ಟೈರು ಹಿಂದೆ 4.00-18, ಮೂಲ ಅಳತೆನೇ. ಸೈಲೆನ್ಸರ್ ನಾಲ್ಕೂ ಮೂಲದ್ದೇ.

ಗ್ರೀಸ್‌ಕೈ:

ನಿಮ್ಮ ತೂಕದ ಮೇಲೆ ತಪ್ಪು ಹಾಕೋಕೆ ಮುಂಚೆ ಗಾಡೀನ ಪರೀಕ್ಷೆ ಮಾಡೋಣ. ಆ ಮಾಡೆಲ್ ಸರಿಯಾಗಿದ್ರೆ ಅಷ್ಟು ಕಷ್ಟ ಕೊಡಬಾರ್ದು.

ಮೊದ್ಲು ಹಿಂದಿನ ಟೈರಿನ ಗಾಳಿ. ಕಮ್ಮಿ ಇದ್ರೆ ಹಿಂಭಾಗ ತಗ್ಗಿ ಕೂತಿರುತ್ತೆ, ಆ ತಗ್ಗನ್ನೂ ಸೇರಿಸಿ ನೀವೇ ಎತ್ತಬೇಕು. ಹಾಗೇನೇ ಶಾಕ್‌ಗಳ ಕೆಳಗೆ ಸ್ಪ್ರಿಂಗ್ ಬಿಗಿ ಮಾಡೋ ಮೆಟ್ಟಿಲು ಮೆಟ್ಟಿಲಾದ ಉಂಗುರ ಇರುತ್ತೆ, ಎರಡೂ ಕಡೆ ಒಂದೇ ಮೆಟ್ಟಿಲಲ್ಲಿದೆಯಾ, ತೀರಾ ಸಡಿಲದ್ದರಲ್ಲಿದೆಯಾ ನೋಡಿ. ಸಡಿಲ ಇದ್ರೆ ಬಿಗಿ ಮಾಡಿ, ಹಿಂಭಾಗ ಸ್ವಲ್ಪ ಎತ್ತರ ಆಗುತ್ತೆ. ಪೆಟ್ಟಿಗೆ ಗಿಟ್ಟಿಗೆ ಸಾಮಾನು ಇದ್ರೆ ಸ್ಟ್ಯಾಂಡ್ ಹಾಕೋ ಮುಂಚೆ ಇಳ್ಸಿ.

ಮುಖ್ಯವಾದ್ದು ಈಗ. ಯಾರನ್ನಾದ್ರೂ ಕರೆದು ಒಂದು ಸಲ ಗಾಡೀನ ಡಬಲ್ ಸ್ಟ್ಯಾಂಡ್ ಮೇಲೆ ಹಾಕ್ಸಿ, ಹಿಂದಿನ ಟೈರಿಗೂ ನೆಲಕ್ಕೂ ಎಷ್ಟು ಸಂದು ಇದೆ ಅಳೀರಿ. ಆ ಒಂದು ಅಳತೆ ಬಹಳ ಕಥೆ ಹೇಳುತ್ತೆ. ಎರಡು ಮೂರು ಸೆಂ.ಮೀ. ಇದ್ದು ಆದ್ರೂ ಹತ್ಸೋದು ಕಷ್ಟ ಅಂದ್ರೆ, ಸ್ಪ್ರಿಂಗ್‌ಗಳು ಸೋತು ಗಾಡಿ ಕುಸಿದು ಕೂತಿದೆ ಅಂತ, ಯಾಕಂದ್ರೆ ನೇತಾಡುವಾಗ ಶಾಕ್ ಪೂರ್ತಿ ಉದ್ದಕ್ಕೆ ಬಿಚ್ಚಿಕೊಂಡಿರುತ್ತೆ, ಸೋತ ಸ್ಪ್ರಿಂಗಿನ ಗುಟ್ಟು ಅಲ್ಲಿ ಕಾಣಲ್ಲ. ಸಂದು ತೀರಾ ಜಾಸ್ತಿ ಇದ್ರೆ ಯಾರೋ ಮೂಲಕ್ಕಿಂತ ಗಿಡ್ಡ ಶಾಕ್ ಹಾಕಿದ್ದಾರೆ. ಶಾಕ್ ಗಿಡ್ಡ ಇದ್ರೆ ಚಕ್ರ ಬೇಗ ನೆಲ ಬಿಡುತ್ತೆ, ಸ್ಟ್ಯಾಂಡ್ ಇನ್ನೂ ಓರೆಯಾಗಿರುವಾಗಲೇ ಭಾರ ಪೂರ್ತಿ ಬಂದು ಕೂರುತ್ತೆ, ನೀವು ವರ್ಣಿಸ್ತಿರೋ ತೊಂದ್ರೆ ಇದಕ್ಕೇ ಹೊಂದುತ್ತೆ. ಸಂದೇ ಇಲ್ಲ, ಚಕ್ರ ನೆಲಕ್ಕೆ ತಾಗಿದೆ ಅಂದ್ರೆ ಸ್ಟ್ಯಾಂಡ್ ಸವೆದಿದೆ. ಪಾದ ಸವೆದಿರ್ಬಹುದು, ತಿರುಗಣೆಯ ಬುಷ್ ಸವೆದಿರ್ಬಹುದು, ಇಲ್ಲಾ ಸ್ಟ್ಯಾಂಡ್ ಬಂದು ನಿಲ್ಲೋ ತಡೆ ಸವೆದು ಅದು ಮುಂದಕ್ಕೆ ಜಾಸ್ತಿ ಹೋಗ್ತಿರ್ಬಹುದು. ಅಂಥ ಗಾಡಿ ಹತ್ಸೋಕೆ ಸುಲಭ ಅನ್ಸಿದ್ರೂ ಇಳ್ಸೋಕೆ ಒದ್ದಾಟ, ನಿಲ್ಲೋದ್ರಲ್ಲೂ ಭದ್ರ ಇರಲ್ಲ.

ಮೇಲೆ ಹಾಕ್ಸಿದಾಗಲೇ ಕೆಳಗೆ ಬಗ್ಗಿ ಟಾರ್ಚ್ ಹಾಕಿ ಸ್ಟ್ಯಾಂಡಿನ ವೆಲ್ಡಿಂಗ್ ನೋಡಿ, ಬಿರುಕು ಇದೆಯಾ ಅಂತ. ನಾವು ಪೂರ್ತಿ ಮೈಭಾರ ಹಾಕೋ ಜಾಗ ಅದು.

ಹೊಸಚೈನ್:

ಲಿವರಿಗೆ ಒಂದು ಪೈಪು ವೆಲ್ಡ್ ಮಾಡ್ಸಿ ಉದ್ದ ಮಾಡಿದ್ರೆ ಮುಗೀತಲ್ಲ? ಉದ್ದ ಲಿವರ್ ಅಂದ್ರೆ ಕಮ್ಮಿ ಬಲ ಸಾಕು. ಯಾರೂ ಇದನ್ನ ಹೇಳ್ಲಿಲ್ಲ ಯಾಕೆ.

ಲಿವರ್_ಲೆಕ್ಕ:

ಲೆಕ್ಕದಲ್ಲಿ ನೀವು ಹೇಳಿದ್ದು ಸರಿ, ರಸ್ತೇಲಿ ಸರಿಬರಲ್ಲ. ಸ್ಟ್ಯಾಂಡ್ ಮಡಚಿದಾಗ ಆ ಲಿವರ್ ಎಡಗಡೆ ಹೊರಕ್ಕೆ ಚಾಚಿರುತ್ತೆ. ಉದ್ದ ಮಾಡಿದ್ರೆ ಎಡಕ್ಕೆ ವಾಲಿ ತಿರುಗುವಾಗ ಅದೇ ಮೊದ್ಲು ರಸ್ತೆಗೆ ತಾಗುತ್ತೆ. ಗಟ್ಟಿ ಕಬ್ಬಿಣ ರಸ್ತೆಗೆ ತಾಗಿ ಗಾಡಿ ಭಾರ ಅದರ ಮೇಲೆ ಬಂದ್ರೆ ಹಿಂಚಕ್ರದ ಹಿಡಿತ ತಪ್ಪುತ್ತೆ, ಆ ಹೊತ್ತಲ್ಲಿ ಸವಾರರು ಮಾಡೋಕೆ ಏನೂ ಉಳಿದಿರಲ್ಲ. ಜೊತೆಗೆ ಸಿಬಿ750ರಲ್ಲಿ ಎಡಗಡೆ ಎರಡು ಸೈಲೆನ್ಸರ್ ಇದೆ, ಅಲ್ಲಿ ಜಾಗಾನೇ ಕಮ್ಮಿ.

ಬೇಕೇ ಬೇಕು ಅಂದ್ರೆ ಲಿವರ್ ಮೇಲೆ ತೂರಿಸಿ ಕೆಲ್ಸ ಆದ ಮೇಲೆ ತೆಗೆದಿಡೋ ಪೈಪ್ ಮಾಡ್ಕೋಬಹುದು, ಆದ್ರೆ ಅದು ಜಾರಿದ್ರೆ ಕಾಲಿಗೆ ಏಟು. ಹಲಗೆ ಅದಕ್ಕಿಂತ ಎಷ್ಟೋ ಒಳ್ಳೇದು.

ಕೆ6_ಸವಾರಿ:

ಅಳೆದೆ. ಪಕ್ಕದ ಮನೆಯವರು ಇಬ್ಬರು ಬಂದು ಎತ್ತಿ ಕೊಟ್ರು. ಹಿಂದಿನ ಟೈರಿಗೂ ನೆಲಕ್ಕೂ 7 ಸೆಂ.ಮೀ. ಸಂದು ಇದೆ! ಗಾಳಿ ಸರಿಯಾಗೇ ಇತ್ತು. ಶಾಕ್ ಉಂಗುರ ಎರಡೂ ಕಡೆ ತೀರಾ ಸಡಿಲದ್ದರಲ್ಲಿತ್ತು. ಶಾಕ್ ಮೇಲೆ ಹೋಂಡಾ ಗುರುತು ಏನೂ ಇಲ್ಲ, ಬೇರೆ ಯಾವುದೋ ಕಂಪನಿದು, ನಾನು ಗಾಡಿ ತಗೊಂಡಾಗಲೇ ಹೀಗೇ ಇತ್ತು. ಹಿಂದಿನ ಓನರ್ ಗಾಡಿ ತಗ್ಗಿ ಕಾಣ್ಲಿ ಅಂತ ಹಾಕ್ಸಿರ್ಬೇಕು.

ಸ್ಟ್ಯಾಂಡ್ ವೆಲ್ಡಿಂಗ್ ಚೆನ್ನಾಗೇ ಇದೆ, ಬಿರುಕಿಲ್ಲ. ತಿರುಗಣೆ ಮಾತ್ರ ಒಣಗಿ ತುಕ್ಕು ಬಣ್ಣಕ್ಕೆ ತಿರುಗಿದೆ, ಸ್ಟ್ಯಾಂಡನ್ನ ಕೈಲಿ ಆಡ್ಸಿದ್ರೆ ಕಿರ್ ಅನ್ನುತ್ತೆ.

ಗ್ರೀಸ್‌ಕೈ:

ಸಿಕ್ತು ನೋಡಿ. 7 ಸೆಂ.ಮೀ. ಅಂದ್ರೆ ಶಾಕ್ ಗಿಡ್ಡಾನೇ, ಅನುಮಾನ ಇಲ್ಲ. ಇದ್ರಲ್ಲಿ ಶಾಕ್‌ನ ಕೆಳತುದಿ ಆಕ್ಸಲ್ ಹತ್ರಾನೇ ಇರೋದ್ರಿಂದ ಶಾಕ್ ಎಷ್ಟು ಗಿಡ್ಡವೋ ಹೆಚ್ಚುಕಮ್ಮಿ ಅಷ್ಟೇ ಹಿಂಭಾಗ ತಗ್ಗುತ್ತೆ. ಮೂಲ ಉದ್ದದ ಶಾಕ್ ಹಾಕ್ಸಿ, ಮೇಲಿನ ಬೋಲ್ಟಿನ ಮಧ್ಯದಿಂದ ಕೆಳಗಿನ ಬೋಲ್ಟಿನ ಮಧ್ಯದವರೆಗೆ ಅಳೆದು ತಗೊಳ್ಳಿ, ಕಣ್ಣಂದಾಜಿನಲ್ಲಿ ಬೇಡ. ಸ್ಟ್ಯಾಂಡ್ ಒಂದಕ್ಕೇ ಅಂತಲ್ಲ, ಹಿಂಭಾಗ ತಗ್ಗಿದ ಗಾಡಿ ತಿರುವಿನಲ್ಲಿ ಸೈಲೆನ್ಸರ್ ಬೇಗ ತಾಗಿಸುತ್ತೆ, ಹ್ಯಾಂಡಲ್ ತಿರುಗೋದೂ ಮಂದ ಆಗುತ್ತೆ. ಗಾಡಿ ತಗ್ಗಿಸೋ ಮುಂಚೆ ಇದನ್ನ ಯೋಚಿಸೋರು ಕಮ್ಮಿ, ಅದು ನಂಗೆ ಯಾವಾಗ್ಲೂ ಬೇಜಾರು.

ಅಲ್ಲೀವರೆಗೆ ಉಂಗುರ ಬಿಗಿ ಮಾಡಿ, ಎರಡೂ ಕಡೆ ಸಮ. ತಿರುಗಣೆಗೆ ತುಕ್ಕು ಬಿಡಿಸೋ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ, ಆಮೇಲೆ ಬಿಚ್ಚಿ ಒರೆಸಿ ಗ್ರೀಸ್ ತುಂಬಿ. ಬಿಚ್ಚುವಾಗ ಸ್ಟ್ಯಾಂಡಿನ ಸ್ಪ್ರಿಂಗ್ ಬಗ್ಗೆ ಹುಷಾರು, ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ, ಅದು ಸಿಡಿದ್ರೆ ಬಲವಾಗಿ ಬಡಿಯುತ್ತೆ. ಸ್ಪ್ರಿಂಗ್ ಸಡಿಲ ಆಗಿದ್ರೆ ಹೊಸದು ಹಾಕಿ, ಓಡ್ತಾ ಇರುವಾಗ ಸ್ಟ್ಯಾಂಡ್ ತಾನೇ ಇಳಿದುಬಿಟ್ರೆ ಅಪಾಯ. ಪಿನ್ನಿಗೆ ಹಾಕೋ ಸ್ಪ್ಲಿಟ್ ಪಿನ್ ಹಳೇದನ್ನೇ ಮತ್ತೆ ಬಗ್ಗಿಸಿ ಹಾಕ್ಬೇಡಿ.

ಗೋಲ್ಡ್‌ವಿಂಗ್_ಅಕ್ಕ:

ಕೆ6_ಸವಾರಿ, ನಾನೂ ನಿಮ್ಮ ಹಾಗೇ ಸಣ್ಣ ಮೈಕಟ್ಟಿನವಳು, ನನ್ನ ಹತ್ರ ಇರೋದು 1975ರಲ್ಲಿ ಬಂದ ಹೋಂಡಾ ಗೋಲ್ಡ್‌ವಿಂಗ್ ಜಿಎಲ್1000, ಒಣ ತೂಕಾನೇ (ಪೆಟ್ರೋಲ್, ಆಯಿಲ್ ಹಾಕದೇ) 260 ಕೇಜಿ ಮೇಲೆ. ಅದ್ರಲ್ಲಿ ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಿರೋದ್ರಿಂದ ಭಾರ ಕೆಳಗಿದೆ, ಹಿಡಿದು ನಿಲ್ಸೋಕೆ ಅನುಕೂಲ, ಆದ್ರೂ ಭಾರ ಭಾರಾನೇ. ಒಬ್ಬಳೇ ಹಾಕ್ತೀನಿ. ನಿಮ್ಮಿಂದಲೂ ಆಗುತ್ತೆ, ಮನಸ್ಸಿಗೆ ಹಚ್ಕೋಬೇಡಿ.

ಮೇಲೆ ಯಾರೂ ಹೇಳದ ಎರಡು ಮಾತು. ಒಂದು ಚಪ್ಪಲಿ. ಮೆತ್ತನೆ ಅಡಿ ಇರೋ ಚಪ್ಪಲಿ, ಕ್ಯಾನ್ವಾಸ್ ಶೂ ಹಾಕ್ಕೊಂಡು ಮಾಡಿದ್ರೆ ಆ ಸಣ್ಣ ಲಿವರ್ ಅಂಗಾಲಿಗೆ ಒತ್ತಿ ನೋವಾಗುತ್ತೆ, ನೋವಾಗುತ್ತೆ ಅಂತ ಮನಸ್ಸು ಪೂರ್ತಿ ಭಾರ ಹಾಕೋಕೆ ಬಿಡಲ್ಲ, ನಮಗೇ ಗೊತ್ತಾಗದ ಹಾಗೆ ಅರ್ಧ ಭಾರ ಎಡಗಾಲಲ್ಲೇ ಉಳಿದಿರುತ್ತೆ. ಗಟ್ಟಿ ಅಡಿಯ ಬೂಟ್ ಹಾಕ್ಕೊಳ್ಳಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ. ಅಡಿಯಲ್ಲಿ ಎಣ್ಣೆ ಗ್ರೀಸ್ ಮೆತ್ತಿರಬಾರ್ದು.

ಇನ್ನೊಂದು ನೆಲ. ನುಣುಪು ಟೈಲ್ಸ್ ಮೇಲೆ ಸ್ಟ್ಯಾಂಡ್ ಪಾದ ಜಾರುತ್ತೆ, ಒಂದು ರಬ್ಬರ್ ಮ್ಯಾಟ್ ಹಾಸಿ. ಮಣ್ಣಿನ ಮೇಲೆ ಪಾದ ಹೂತುಹೋಗುತ್ತೆ, ಬಿಸಿಲಿಗೆ ಮೆತ್ತಗಾದ ಡಾಂಬರಿನಲ್ಲೂ ಹಾಗೇ, ಅಲ್ಲಿ ಪಾದದ ಕೆಳಗೆ ಒಂದು ಚಪ್ಪಟೆ ತಗಡು ಬೇಕು. ನೆಲ ಇಳಿಜಾರಿದ್ರೆ ಗಾಡಿ ಮೂತಿ ಏರಿನ ಕಡೆ ಇರಲಿ. ಹಿಂದಕ್ಕೆ ಹೋಗೋಕೆ ಇಳಿಜಾರೇ ಸಹಾಯ ಮಾಡುತ್ತೆ, ನಿಂತ ಮೇಲೂ ಮುಂದಕ್ಕೆ ಉರುಳಿ ಸ್ಟ್ಯಾಂಡಿಂದ ಬೀಳಲ್ಲ.

ಕಲಿಯೋವರೆಗೆ ಒಬ್ಬರನ್ನ ಬಲಗಡೆ ನಿಲ್ಸಿಕೊಳ್ಳಿ, ಎತ್ತೋಕಲ್ಲ. ಆ ಕಡೆ ವಾಲಿದ್ರೆ ತಳ್ಳಿ ಕೊಡೋಕೆ. ಅಲ್ಲಿ ಒಬ್ಬರಿದ್ದಾರೆ ಅಂತ ಗೊತ್ತಿದ್ರೆ ನೀವು ಗಾಡೀನ ಧೈರ್ಯವಾಗಿ ನೆಟ್ಟಗೆ ತರ್ತೀರಿ, ಹೆದರಿಕೆಯಲ್ಲಿ ನಮ್ಮ ಕಡೆಗೇ ವಾಲಿಸ್ಕೊಂಡ್ರೆ ಒಂದೇ ಪಾದ ತಾಗೋದು.

ಕೆ6_ಸವಾರಿ:

ಹತ್ತಿತು!! ಉಂಗುರ ಬಿಗಿ ಮಾಡಿ, ತಿರುಗಣೆಗೆ ಗ್ರೀಸ್ ಹಾಕಿ, 2 ಸೆಂ.ಮೀ. ಹಲಗೆ ಮೇಲೆ ಹಿಂಚಕ್ರ ಹತ್ಸಿ, ಬೂಟ್ ಹಾಕ್ಕೊಂಡು ಲಿವರ್ ಮೇಲೆ ಎದ್ದು ನಿಂತೆ, ನಡುವಿನ ಜಾಗದಲ್ಲಿ ಒಂದು ಕ್ಷಣ ತಡೆದು ಹಾಗೇ ಹಿಂದಕ್ಕೆ ಹೋಗಿ ಕೂತ್ಕೊಂಡಿತು. ಬಲಗಡೆ ನಿಂತಿದ್ದವರು ಮುಟ್ಲೇ ಇಲ್ಲ. ಚೈನ್ ಕೆಲ್ಸ ಮುಗ್ಸಿ ಆಯಿಲ್ ಲೆವೆಲ್ಲೂ ನೋಡಿದೆ. ಮೂಲ ಉದ್ದದ ಶಾಕ್ ಹುಡುಕೋಕೆ ಶುರು ಮಾಡಿದ್ದೀನಿ. ಗೋಲ್ಡ್‌ವಿಂಗ್ ಅಕ್ಕ, ಬೂಟಿನ ಮಾತು ನೂರಕ್ಕೆ ನೂರು ಸರಿ.

ಈಗ ಇನ್ನೊಂದು ಪ್ರಶ್ನೆ, ಇಳ್ಸೋದು ಹೇಗೆ? ಇವತ್ತು ಅವರೇ ಹಿಡ್ಕೊಂಡು ಇಳ್ಸಿ ಕೊಟ್ರು. ಗಾಡಿ ಮೇಲೆ ಕೂತು ಮುಂದಕ್ಕೆ ಜೋಲಿ ಹೊಡೆದು ಇಳ್ಸೋರನ್ನ ನೋಡಿದ್ದೀನಿ, ನನ್ನ ಕಾಲು ಆಗ ನೆಲಕ್ಕೆ ಸರಿಯಾಗಿ ಎಟುಕಲ್ಲ.

ಎರಡು_ಬಾಕ್ಸರ್:

ಕಾಲು ಎಟುಕದಿದ್ರೆ ಕೂತು ಇಳ್ಸಬೇಡಿ. ಸ್ಟ್ಯಾಂಡ್ ಮೇಲೆ ಗಾಡಿ ಇನ್ನೂ ಎತ್ತರ ಇರುತ್ತೆ, ಧೊಪ್ ಅಂತ ಇಳಿದಾಗ ನಿಮ್ಮ ಒಂದು ಕಾಲೂ ಗಟ್ಟಿ ಇರಲ್ಲ.

ಎಡಗಡೆ ನೆಲದ ಮೇಲೇ ನಿಂತ್ಕೊಳ್ಳಿ. ಸೈಡ್ ಸ್ಟ್ಯಾಂಡ್ ಮೊದ್ಲೇ ಪೂರ್ತಿ ಇಳ್ಸಿರಿ, ಮರೀಬೇಡಿ. ಹಲಗೆ ತೆಗೆದಿದ್ದೀರಾ ನೋಡಿ. ಹ್ಯಾಂಡಲ್ ನೇರ ಮಾಡಿ ಎರಡೂ ಕೈಲಿ ಎರಡೂ ಹಿಡಿ ಹಿಡ್ಕೊಳ್ಳಿ, ಬಲಗೈ ಬೆರಳು ಮುಂದಿನ ಬ್ರೇಕ್ ಮೇಲಿರಲಿ ಆದ್ರೆ ಒತ್ತಬೇಡಿ. ಸೊಂಟ ಟ್ಯಾಂಕಿಗೋ ಸೀಟಿಗೋ ತಾಗಿಸಿ ಗಾಡಿ ಕೂದಲೆಳೆಯಷ್ಟು ನಿಮ್ಮ ಕಡೆ ಇರೋ ಹಾಗೆ ಇಟ್ಕೊಂಡು ಮುಂದಕ್ಕೆ ತಳ್ಳಿ. ಒಂದೇ ಸಲಕ್ಕೆ ಬರದಿದ್ರೆ ಸಣ್ಣಗೆ ಹಿಂದೆ ಮುಂದೆ ಆಡ್ಸಿ, ಮುಂದಕ್ಕೆ ಬರೋ ಓಟದಲ್ಲೇ ತಳ್ಳಿ. ಹಿಂಚಕ್ರ ನೆಲಕ್ಕೆ ಇಳಿದ ತಕ್ಷಣ ಬ್ರೇಕ್ ಮೆತ್ತಗೆ ಒತ್ತಿ, ಗಾಡಿ ನಿಲ್ಲುತ್ತೆ, ಆಮೇಲೆ ನಿಧಾನಕ್ಕೆ ಸೈಡ್ ಸ್ಟ್ಯಾಂಡ್ ಮೇಲೆ ಒರಗಿಸಿ. ಬ್ರೇಕ್ ಜೋರಾಗಿ ಒತ್ತಿದ್ರೆ ಮುಂದಿನ ಫೋರ್ಕ್ ಕುಸಿದು ಗಾಡಿ ಕೈತಪ್ಪುತ್ತೆ, ಹ್ಯಾಂಡಲ್ ತಿರುಗಿರುವಾಗಂತೂ ಒತ್ತಲೇಬೇಡಿ.

ಇಳಿದ ಮೇಲೆ ಡಬಲ್ ಸ್ಟ್ಯಾಂಡ್ ಪೂರ್ತಿ ಮೇಲಕ್ಕೆ ಮಡಚಿಕೊಂಡಿದೆಯಾ ಅಂತ ಒಂದು ಸಲ ಬಗ್ಗಿ ನೋಡಿ, ಗ್ರೀಸ್ ಹಾಕಿರೋದ್ರಿಂದ ಈಗ ಸಲೀಸಾಗಿ ಹೋಗಿರುತ್ತೆ. ಹೊಸ ಶಾಕ್ ಬಂದ ಮೇಲೆ ಆ ಸಂದನ್ನ ಮತ್ತೆ ಅಳೆದು ಇಲ್ಲೇ ಬರೀರಿ, ಎಷ್ಟಕ್ಕೆ ಬಂತು ಅಂತ ನೋಡೋಣ.